ಸೊನ್ನೆ ತೋರಿಸಿದ ನೀರು

ಇಸ್ತ್ರಿ ಅಜ್ಜ ಹೋಗಿಬಿಟ್ಟನೆಂಬ ಸುದ್ದಿ ಬಂದಾಗ ಬಣ್ಣದಕ್ಕ ನೀರಿನ ಟ್ಯಾಂಕಿನ ಏಣಿಯ ಮೇಲೆ ನಿಂತಿದ್ದಳು. ಬೆಳಗ್ಗೆ ಆರೂವರೆ. ಕೈಯಲ್ಲಿ ಬ್ಲೀಚಿಂಗ್ ಪುಡಿ ಕರಗಿಸಿದ ಬಕೆಟ್ಟು. ಸುದ್ದಿ ತಂದವನು ಹಾಲಿನವನು. ಸೈಕಲ್ಲಿನಿಂದ ಇಳಿಯದೆ, ಒಂದು ಕಾಲನ್ನು ನೆಲಕ್ಕೂರಿ, "ಅಕ್ಕ, ಇಸ್ತ್ರಿ ಅಜ್ಜ ಇಲ್ವಂತೆ. ಬೆಳಗಿನ ಜಾವ ಕಾಲರಾ ಶೆಡ್ಡಲ್ಲೇ ಪ್ರಾಣ ಹೋಯ್ತಂತೆ" ಎಂದ.

"ಯಾವ ಅಜ್ಜ?" ಎಂದಳು ಬಣ್ಣದಕ್ಕ. ಆ ಗಲ್ಲಿಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿಯುವ ಅಜ್ಜ ಒಬ್ಬನೇ ಇದ್ದ.

ಅವಳು ಬಕೆಟ್ಟನ್ನು ಟ್ಯಾಂಕಿಗೆ ಸುರಿದಳು. ಅಜ್ಜ ದಿನಾ ತನ್ನ ಟ್ಯಾಂಕಿನ ನೀರನ್ನೇ ಕುಡಿಯುತ್ತಿದ್ದ. ತಾನು ಅಳೆದು ಹಾಕಿದ ಔಷಧಿಯ ನೀರು, ತಾನು ಪರೀಕ್ಷೆ ಮಾಡಿ ನಲ್ಲಿ ತೆರೆದ ನೀರು. ಆ ನೀರೇ ಅವನನ್ನು ಕೊಂದಿತೇ?

ಬಣ್ಣದಕ್ಕನಿಗೆ ಆ ಹೆಸರು ಬಂದದ್ದು ಬಣ್ಣದ ಅಂಗಡಿಯಿಂದ. ಇಪ್ಪತ್ತೆರಡು ವರ್ಷ ಅವಳು ಬಟ್ಟೆಗೆ ಬಣ್ಣ ಹಾಕಿದವಳು. ಗಿರಾಕಿ ಒಂದು ಹಳೆಯ ಚೂರು ತಂದು "ಇದೇ ಬಣ್ಣ ಬೇಕು" ಎಂದರೆ, ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು ಚಿಟಿಕೆ ಚಿಟಿಕೆಯಾಗಿ ಪುಡಿ ಸೇರಿಸಿ ಅದೇ ಬಣ್ಣ ತೆಗೆಯುತ್ತಿದ್ದಳು. ಒದ್ದೆ ಬಟ್ಟೆ ಒಣಗಿದ ಮೇಲೆ ಎಷ್ಟು ತಿಳಿಯಾಗುತ್ತದೆಂದು ಒದ್ದೆಯಲ್ಲೇ ನೋಡಿ ಹೇಳುವ ಕಣ್ಣು ಅವಳದು. ಆದರೆ ಕಣ್ಣು ಹರಿತ ಮಾಡಿದ ಕಸುಬೇ ಮೂಗನ್ನು ಕಿತ್ತುಕೊಂಡಿತ್ತು. ಆವಿ, ಆಮ್ಲ, ಬ್ಲೀಚು ಕುಡಿದು ಕುಡಿದು ಮೂಗು ಸತ್ತುಹೋಗಿತ್ತು. ಅವಳ ಗಂಡ ಬೀಗ ರಿಪೇರಿ ಮಾಡುವವನು. "ನಮ್ಮನೇಲಿ ಹಾಲು ಉಕ್ಕಿ ಸೀದ್ರೂ ನಾನೇ ಅಂಗಡಿಯಿಂದ ಓಡಿಬಂದು ಒಲೆ ಆರಿಸ್ಬೇಕು" ಎಂದು ಅವನು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಎರಡು ತಿಂಗಳ ಹಿಂದೆ ಪುರಸಭೆಯ ನೀರಿನ ಪೈಪು ಚರಂಡಿಯ ಪಕ್ಕದಲ್ಲೇ ಒಡೆಯಿತು. ಒಂದು ವಾರದಲ್ಲಿ ಗಲ್ಲಿಯಲ್ಲಿ ವಾಂತಿಭೇದಿ. ಆಸ್ಪತ್ರೆಯವರು ಅದನ್ನು ಕಾಲರಾ ಎಂದರು. ಆಸ್ಪತ್ರೆಯ ಹಾಸಿಗೆಗಳು ತುಂಬಿ ವರಾಂಡವೂ ತುಂಬಿದಾಗ ಸಂಸ್ಥೆಯವರು ಬಂದರು. ಸರ್ಕಾರದವರಲ್ಲ, ಯಾವ ಪಕ್ಷದವರೂ ಅಲ್ಲ. ಎರಡು ಲಾರಿ, ಒಂದಷ್ಟು ನೀಲಿ ತಾಡಪಾಲು, ಹದಿನೈದು ಜನ. ಶಾಲೆಯ ಆಟದ ಮೈದಾನದಲ್ಲಿ ಎರಡೇ ದಿನದಲ್ಲಿ ಚಿಕಿತ್ಸೆಯ ಶೆಡ್ಡು ಎದ್ದು ನಿಂತಿತು. ನಡುವೆ ತೂತು ಮಾಡಿದ ಮಂಚಗಳು, ತೂತಿನ ಕೆಳಗೆ ಗೆರೆ ಎಳೆದ ಬಕೆಟ್ಟುಗಳು. ಎಷ್ಟು ನೀರು ಮೈಯಿಂದ ಹೋಯಿತೆಂದು ಬಕೆಟ್ಟಿನಲ್ಲಿ ಅಳೆದು ಅಷ್ಟನ್ನೇ ಡ್ರಿಪ್ಪಿನಲ್ಲಿ ಒಳಗೆ ಬಿಡುವುದು. ಗಲ್ಲಿಗೊಂದರಂತೆ ಐದು ಸಾವಿರ ಲೀಟರಿನ ಕಪ್ಪು ಟ್ಯಾಂಕು. ದಿನಾ ಬೆಳಗ್ಗೆ ಟ್ಯಾಂಕರು ಬಂದು ನದಿಯ ನೀರು ತುಂಬುವುದು, ಅದಕ್ಕೆ ಪುಡಿ ಕರಗಿಸಿ ಹಾಕುವುದು, ಅರ್ಧ ಗಂಟೆ ಬಿಟ್ಟು ಪರೀಕ್ಷೆ, ಏಳು ಗಂಟೆಗೆ ನಾಲ್ಕು ನಲ್ಲಿ ತೆರೆಯುವುದು.

ಪರೀಕ್ಷೆಗೆ ಒಂದು ಗಾಜಿನ ನಳಿಗೆ ಇತ್ತು. ಅದಕ್ಕೆ ಹತ್ತು ಮಿಲಿಲೀಟರ್ ನೀರು ತುಂಬಿ ಸಣ್ಣ ಮಾತ್ರೆ ಹಾಕಿದರೆ ನೀರು ಗುಲಾಬಿಯಾಗುತ್ತದೆ. ಔಷಧಿ ಹೆಚ್ಚಿದ್ದಷ್ಟೂ ಗುಲಾಬಿ ಗಾಢ. ಒಂದು ನಿಮಿಷ ಬಿಟ್ಟು, ಪಕ್ಕದ ಪಟ್ಟಿಯ ಬಣ್ಣದೊಂದಿಗೆ ಹೋಲಿಸಿ ಅಂಕಿ ಬರೆಯಬೇಕು. ಅರ್ಧಕ್ಕೂ ಒಂದಕ್ಕೂ ನಡುವೆ ಇರಬೇಕು. ಬಣ್ಣವೇ ಬಾರದಿದ್ದರೆ ಸೊನ್ನೆ, ಔಷಧಿ ಇಲ್ಲ ಎಂದು. ಈ ಕೆಲಸಕ್ಕೆ ಸಂಸ್ಥೆಯ ನೀರಿನ ಮೇಡಂ ಹತ್ತು ಹನ್ನೆರಡು ಜನರನ್ನು ಕೂರಿಸಿ ಬಣ್ಣ ತೋರಿಸಿದರು. ಉಳಿದವರೆಲ್ಲ "ಗುಲಾಬಿ" ಎಂದರೆ ಬಣ್ಣದಕ್ಕ, "ಇದು ಮುಕ್ಕಾಲಿಗಿಂತ ಒಂದೆಳೆ ಕಮ್ಮಿ ಮೇಡಂ" ಎಂದಳು. ಮೇಡಂ ಅವಳನ್ನು ಅಲ್ಲೇ ಕೆಲಸಕ್ಕೆ ತೆಗೆದುಕೊಂಡರು. ಮೂಗಿನ ವಿಷಯ ಯಾರೂ ಕೇಳಲಿಲ್ಲ. ಬಣ್ಣ ನೋಡುವ ಕೆಲಸಕ್ಕೆ ಮೂಗು ಏಕೆ?

ಮೊದಲ ಐದು ವಾರ ಲೆಕ್ಕ ಹಾಕಿದಂತೆ ನಡೆಯಿತು. ಗಲ್ಲಿಯ ತೊಂಬತ್ತು ಮನೆಗಳಿಂದ ದಿನಕ್ಕೆ ಏಳೆಂಟು ಜನ ಶೆಡ್ಡಿಗೆ ಹೋಗುತ್ತಿದ್ದುದು ಮೂರಕ್ಕೆ ಇಳಿಯಿತು, ಆಮೇಲೆ ಒಂದಕ್ಕೆ, ಆಮೇಲೆ ನಾಲ್ಕು ದಿನ ಯಾರೂ ಇಲ್ಲ. ಬಣ್ಣದಕ್ಕ ಬೀದಿಯಲ್ಲಿ ತಲೆಯೆತ್ತಿ ನಡೆದಳು. ನಡುನಡುವೆ ಪುಡಿ ಹಳೆಯದಾಗಿ ಶಕ್ತಿ ಕಳೆದುಕೊಂಡಾಗ ಗುಲಾಬಿ ಮಂಕಾಗುತ್ತಿತ್ತು. ಆಗ ಮೇಡಂಗೆ ಫೋನು ಮಾಡಿ ಅಳತೆ ಏರಿಸುತ್ತಿದ್ದಳು. ಹಾಗೆ ಏರಿ ಏರಿ ದಿನದ ಅಳತೆ ಒಂದು ದೊಡ್ಡ ಲೋಟಕ್ಕೆ, ಅಂದರೆ ನೂರೈವತ್ತು ಗ್ರಾಮಿಗೆ ಬಂದು ನಿಂತಿತ್ತು.

ಎಂಟು ದಿನದ ಹಿಂದೆ ಹೊಸ ಡ್ರಮ್ಮು ಬಂತು. ಅಂದೇ ನಳಿಗೆ ಸೊನ್ನೆ ತೋರಿಸಿತು.

"ನದಿ ನೀರು ಕೆಂಪಾಗಿದೆ, ಮಣ್ಣು ಔಷಧಿನ ತಿಂದುಹಾಕ್ತಾ ಇರಬೇಕು" ಎಂದರು ಮೇಡಂ ಫೋನಿನಲ್ಲಿ. ಅವರ ಹಿಂದೆ ಯಾರೋ ಕೂಗುತ್ತಿದ್ದರು. ಬೇರೆ ಮೂರು ಬಡಾವಣೆಗಳಲ್ಲಿ ರೋಗ ಆಗತಾನೇ ಶುರುವಾಗಿತ್ತು. "ಇನ್ನೊಂದು ಲೋಟ ಹಾಕಿ. ನೀರು ಮಾತ್ರ ನಿಲ್ಲಿಸ್ಬೇಡಿ. ನಾನು ಬಂದು ನೋಡ್ತೀನಿ."

ಇನ್ನೊಂದು ಲೋಟ ಹಾಕಿದಳು. ಸೊನ್ನೆ. ಮರುದಿನ ಎರಡು ಲೋಟ. ಸೊನ್ನೆ. ಮೇಡಂಗೆ ಬರಲಾಗಲಿಲ್ಲ. ನಾಲ್ಕನೇ ದಿನಕ್ಕೆ ಗಲ್ಲಿಯಿಂದ ಮತ್ತೆ ಇಬ್ಬರು ಶೆಡ್ಡಿಗೆ ಹೋದರು. ಆರನೇ ದಿನ ಐವರು. ನೀರಲ್ಲಿ ಔಷಧಿ ನಿಲ್ಲುತ್ತಿಲ್ಲ, ರೋಗ ಹಿಂದಿರುಗಿದೆ. ಅವಳ ಲೆಕ್ಕ ಅಷ್ಟು ಸರಳವಾಗಿತ್ತು, ಅಷ್ಟೇ ಭಯ ಹುಟ್ಟಿಸುವಂತಿತ್ತು.

ಜನ ಮಾತ್ರ ಬೇರೆ ರಾಗ ಎಳೆಯುತ್ತಿದ್ದರು. ವಾಸನೆ, ವಾಸನೆ ಎಂದು. ಮೊದಲ ದಿನದಿಂದಲೂ ಅವರದು ಅದೇ ರಾಗವಿತ್ತು. ತರಬೇತಿಯಲ್ಲಿ ಮೇಡಂ ಈ ಮಾತನ್ನು ಒತ್ತಿ ಹೇಳಿದ್ದರು: ಜನ ವಾಸನೆ ಅಂತಾರೆ, ಅವರನ್ನು ಸಮಾಧಾನ ಮಾಡೋಕೆ ಔಷಧಿ ಕಮ್ಮಿ ಮಾಡಬೇಡಿ, ಒಂದು ಊರಲ್ಲಿ ಹಾಗೆ ಮಾಡಿ ಆರು ಮಕ್ಕಳು ಹೋದರು. ಬಣ್ಣದಕ್ಕ ಅದನ್ನು ಮನಸ್ಸಿನಲ್ಲಿ ಕೊರೆದಿಟ್ಟುಕೊಂಡಿದ್ದಳು. ಯಾರಾದರೂ ವಾಸನೆ ಎಂದರೆ, ನೀರು ಒಯ್ಯದವರ ಹೆಸರು ಬರೆಯುವ ಪುಸ್ತಕದಲ್ಲಿ ಒಂದು ಗೆರೆ ಎಳೆಯುವಳು, "ವಾಸನೆ ಇದ್ರೆ ಕ್ಷೇಮ" ಎನ್ನುವಳು, ಮುಂದಿನ ಕೊಡ ಹಿಡಿಯಿರಿ ಎನ್ನುವಳು.

ಎರಡು ದಿನದ ಹಿಂದೆ ಅವಳ ಓರಗಿತ್ತಿ, ಗಂಡನ ತಮ್ಮನ ಹೆಂಡತಿ, ನಲ್ಲಿಯ ಮುಂದೆಯೇ ಕೊಡ ಕುಕ್ಕಿದ್ದಳು.

"ಅಕ್ಕ, ಇದು ಕುಡಿಯೋ ನೀರಾ, ನೆಲ ತೊಳೆಯೋ ನೀರಾ? ಬಾಯಿಗಿಟ್ರೆ ಕಣ್ಣಲ್ಲಿ ನೀರು ಬರುತ್ತೆ."

"ನಿನಗೆ ಕಣ್ಣಲ್ಲಿ ನೀರು ಬರೋಕೆ ಕಾರಣ ಬೇರೆ ಬೇಕಾ? ಧಾರಾವಾಹಿ ನೋಡಿದ್ರೂ ಬರುತ್ತೆ."

ಸಾಲಿನಲ್ಲಿದ್ದವರು ನಕ್ಕರು. ಓರಗಿತ್ತಿ ಸೋಲುವವಳಲ್ಲ. "ನಗ್ರಿ, ನಗ್ರಿ. ಮೂಗಿಲ್ಲದವಳ ಕೈಗೆ ನೀರು ಕೊಟ್ಟು ಕೂತಿದಾರೆ ಸಂಸ್ಥೆಯವರು."

ಬಣ್ಣದಕ್ಕನಿಗೆ ಅದು ಚುರುಕ್ಕೆಂದಿತು. ಎಲ್ಲರ ಮುಂದೆ ನಳಿಗೆ ತೆಗೆದು, ನಲ್ಲಿಯ ನೀರು ತುಂಬಿ, ಮಾತ್ರೆ ಹಾಕಿ ಅಲುಗಿಸಿದಳು. ನಿಮಿಷ ಕಾದು ಎತ್ತಿ ಹಿಡಿದಳು. ಕನ್ನಡಿಯಂತೆ ತಿಳಿ ನೀರು. "ನೋಡು, ಎಲ್ಲಾರೂ ನೋಡಿ. ಒಂದು ಚೂರಾದ್ರೂ ಬಣ್ಣ ಇದೆಯಾ? ಔಷಧಿನೇ ನಿಲ್ಲದ ನೀರಿಗೆ ಔಷಧಿ ವಾಸನೆ ಎಲ್ಲಿಂದ ಬರ್ಬೇಕು? ನಿಮ್ಮದೆಲ್ಲ ಬರೀ ಮನಸ್ಸಿನ ವಾಸನೆ."

ಗಾಜಿನ ನಳಿಗೆಯ ಜೊತೆ ಯಾರು ವಾದ ಮಾಡುತ್ತಾರೆ? ಸಾಲಿನ ಕೊನೆಯಲ್ಲಿದ್ದ ಇಸ್ತ್ರಿ ಅಜ್ಜ ತನ್ನ ಸಣ್ಣ ಬಿಂದಿಗೆಯನ್ನು ತುಂಬಿಸಿಕೊಂಡು, "ಆಯ್ತು ಬಿಡಮ್ಮ, ನೀನು ಓದಿಕೊಂಡಿದೀಯ" ಎಂದು ಮೆತ್ತಗೆ ಹೇಳಿ ಹೋಗಿದ್ದ.

ಆ ಅಜ್ಜ ಈಗ ಇಲ್ಲ.

ಇವತ್ತು ಮೂರನೇ ಲೋಟವನ್ನೂ ಹಾಕಿಬಿಡಬೇಕು ಎಂದುಕೊಂಡು ಅವಳು ಏಣಿಯಿಂದ ಇಳಿದು ಡ್ರಮ್ಮಿನ ಮುಚ್ಚಳಕ್ಕೆ ಕೈಹಾಕಿದ್ದಳು. ಅಷ್ಟರಲ್ಲಿ ಮೈದುನ ತಳ್ಳುಗಾಡಿ ತಳ್ಳಿಕೊಂಡು ಓಡುತ್ತ ಬಂದ. ಗಾಡಿಯ ಮೇಲೆ ಮಡಿಸಿದ ಕಂಬಳಿಯಂತೆ ಓರಗಿತ್ತಿ. ಕಣ್ಣು ಗುಳಿಬಿದ್ದಿತ್ತು. ತುಟಿ ಬೂದಿ ಬಣ್ಣ. ಎರಡು ದಿನದ ಹಿಂದೆ ಕೊಡ ಕುಕ್ಕಿದ ಕೈ ಗಾಡಿಯ ಅಂಚಿನಿಂದ ಜೋತಾಡುತ್ತಿತ್ತು.

"ಅತ್ತಿಗೆ, ಬೇಗ ಬನ್ನಿ!" ಎಂದ ಮೈದುನ. ಅವಳು ಡ್ರಮ್ಮನ್ನು ಹಾಗೇ ಬಿಟ್ಟು ಓಡಿದಳು. ಪರೀಕ್ಷೆಯ ಚೀಲ ಹೆಗಲಿನಲ್ಲೇ ಇತ್ತು.

ಶೆಡ್ಡಿನ ಬಾಗಿಲಲ್ಲಿ ಔಷಧಿ ನೀರಿನ ತಟ್ಟೆಯಲ್ಲಿ ಕಾಲಿಟ್ಟು ಒಳಗೆ ಹೋಗಬೇಕು. ನರ್ಸಮ್ಮ ಓರಗಿತ್ತಿಯ ಮುಂಗೈಯ ಚರ್ಮ ಚಿವುಟಿ ನೋಡಿದರು. ಚಿವುಟಿದ ಮಡಿಕೆ ಹಾಗೇ ನಿಂತಿತ್ತು. ಎರಡೂ ಕೈಗೆ ಸೂಜಿ ಚುಚ್ಚಿ ಎರಡು ಬಾಟಲಿಗಳನ್ನೂ ಪೂರ್ತಿ ತೆರೆದುಬಿಟ್ಟರು. ಮುಕ್ಕಾಲು ಗಂಟೆಯಲ್ಲಿ ಎರಡು ಲೀಟರು ಒಳಗಿಳಿಯಿತು. ಓರಗಿತ್ತಿ ಕಣ್ಣು ತೆರೆದಳು.

"ನೀರು ಎಲ್ಲಿಂದ ತರ್ತೀಯಮ್ಮ?" ನರ್ಸಮ್ಮ ರಿಜಿಸ್ಟರು ಹಿಡಿದು ಕೇಳಿದರು. ಎಲ್ಲರಿಗೂ ಕೇಳುವ ಪ್ರಶ್ನೆ.

"ಟ್ಯಾಂಕಿಂದ" ಎಂದು ಬಣ್ಣದಕ್ಕನೇ ಹೇಳಿದಳು.

ಓರಗಿತ್ತಿ ತಲೆಯಾಡಿಸಿದಳು. ಅಡ್ಡಡ್ಡ. "ಗಿರಣಿ ಬಾವಿ."

ಎಣ್ಣೆ ಗಿರಣಿಯ ಹಿಂದಿನ ಬಾವಿ. ಗಿರಣಿ ಮುಚ್ಚಿ ವರ್ಷಗಳಾಗಿದ್ದವು. ಬಾವಿಯ ಮಗ್ಗುಲಲ್ಲೇ ಶೌಚದ ಗುಂಡಿಗಳು. ರೋಗ ಶುರುವಾದಾಗ ಸಂಸ್ಥೆಯವರು ಮೊದಲು ಮಾಡಿದ ಕೆಲಸವೇ ಆ ಬಾವಿಗೆ ಕೆಂಪು ಬಣ್ಣದ ಹಲಗೆ ಹೊಡೆದದ್ದು. ಬಣ್ಣದಕ್ಕ ಮಂಚದ ಕಡೆ ಬಾಗಿದಳು. "ಯಾವಾಗಿಂದ?"

"ಒಂದು ವಾರ ಆಯ್ತು. ನಾನೊಬ್ಬಳೇ ಅಲ್ಲ. ಗಲ್ಲಿ ಪೂರಾ." ಅವಳು ಉಸಿರು ತೆಗೆದುಕೊಂಡಳು. "ಟ್ಯಾಂಕಿಂದ ನಿಂಗೆ ಕಾಣೋ ಹಾಗೆ ತುಂಬಿಸ್ಕೊಂಡು ಬಂದು ಬಚ್ಚಲಿಗೆ ಸುರೀತೀವಿ. ಇಲ್ಲ ಅಂದ್ರೆ ನೀನು ಬೈತೀಯ, ಹೆಸರು ಬರ್ಕೋತೀಯ."

"ಹಾಳಾದೋಳೇ, ಬರೀ ವಾಸನೆಗೆ ಹೋಗಿ..."

"ವಾಸನೆ ಅಲ್ಲ ಅಕ್ಕ. ಗಂಟಲು ಉರೀತಿತ್ತು. ಅಜ್ಜನ ಬಾಯಿ ಹುಣ್ಣಾಗಿತ್ತು. ಅವನೂ ಬಾವಿಗೇ ಬರ್ತಿದ್ದ."

ಬಣ್ಣದಕ್ಕ ಮಂಚದ ಕಂಬಿ ಹಿಡಿದುಕೊಂಡಳು. ಮನಸ್ಸಿನ ವಾಸನೆಗೆ ಬಾಯಿ ಹುಣ್ಣಾಗುವುದಿಲ್ಲ.

ಟ್ಯಾಂಕಿಗೆ ಹಿಂದಿರುಗುವಾಗ ಅವಳು ನಡೆದಳೋ ಓಡಿದಳೋ ಅವಳಿಗೇ ಗೊತ್ತಿರಲಿಲ್ಲ. ನಳಿಗೆ ತುಂಬಿದಳು, ಮಾತ್ರೆ ಹಾಕಿದಳು. ಈ ಸಲ ಒಂದು ನಿಮಿಷ ಕಾಯಲಿಲ್ಲ, ಮಾತ್ರೆ ಬಿದ್ದ ಕ್ಷಣದಿಂದಲೇ ಕಣ್ಣಿಟ್ಟು ನೋಡಿದಳು. ಮಾತ್ರೆಯ ಸುತ್ತ ಒಂದು ಗಾಢ ಗುಲಾಬಿ ಭಗ್ಗನೆ ಹುಟ್ಟಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಯಿತು. ಕೆಳಗೆ ತಿಳಿ ನೀರು.

ಈ ಮಿಂಚನ್ನು ಅವಳು ಎಂಟು ದಿನವೂ ಕಂಡಿದ್ದಳು. ನಿಮಿಷದ ನಂತರ ಓದಬೇಕೆಂದು ನಿಯಮವಿತ್ತಲ್ಲ, ಅದಕ್ಕೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ಇದನ್ನೇ ಅವಳು ಇಪ್ಪತ್ತೆರಡು ವರ್ಷ ಕಂಡವಳು! ಬಣ್ಣ ಕೆಟ್ಟ ಬಟ್ಟೆಯನ್ನು ಮತ್ತೆ ಬಿಳಿ ಮಾಡುವಾಗ ಕೊಪ್ಪರಿಗೆಗೆ ಬ್ಲೀಚು ಬಿಟ್ಟರೆ ಆಗುವುದು ಇದೇ ತಾನೆ? ಬ್ಲೀಚು ಹೆಚ್ಚಾದರೆ ಅದು ಬಣ್ಣವನ್ನೇ ತಿಂದುಬಿಡುತ್ತದೆ. ಬಣ್ಣದಂಗಡಿಯಲ್ಲಿ ಕೂಸಿಗೂ ಗೊತ್ತಿದ್ದ ವಿಷಯ. ಗಾಜಿನ ನಳಿಗೆ, ಅಚ್ಚು ಹಾಕಿದ ಪಟ್ಟಿ ಕೈಗೆ ಬಂದ ಕೂಡಲೇ ಅದೆಲ್ಲ ಬೇರೆ ಲೋಕದ ವಿದ್ಯೆ ಎಂದು ಅವಳು ನಂಬಿಬಿಟ್ಟಿದ್ದಳು.

ಸಂಶಯ ಸಾಲದು, ಅಳೆಯಬೇಕು. ಅವಳು ಮತ್ತೆ ಶೆಡ್ಡಿಗೆ ಹೋಗಿ ನರ್ಸಮ್ಮನಿಂದ ಇಂಜೆಕ್ಷನ್ನಿಗೆ ಬೆರೆಸುವ ಶುದ್ಧ ನೀರಿನ ಎರಡು ಸಣ್ಣ ಬಾಟಲಿ ಮತ್ತು ಸೂಜಿಯಿಲ್ಲದ ಸಿರಿಂಜು ಕೇಳಿ ತಂದಳು. "ಏನಕ್ಕೆ?" ಎಂದರು ನರ್ಸಮ್ಮ. "ನಾನು ಏನು ಮಾಡಿದೀನಿ ಅಂತ ನೋಡೋಕೆ" ಎಂದಳು. ನಳಿಗೆಗೆ ಅರ್ಧ ಮಿಲಿಲೀಟರ್ ಟ್ಯಾಂಕಿನ ನೀರು ಬಿಟ್ಟಳು, ಒಂಬತ್ತೂವರೆ ಶುದ್ಧ ನೀರು ಬೆರೆಸಿದಳು. ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಮಾತ್ರೆ ಹಾಕಿದಳು.

ಗುಲಾಬಿ ಬಂತು. ಹೋಗಲಿಲ್ಲ. ನಿಮಿಷ ಕಳೆದರೂ ನಿಂತೇ ಇತ್ತು. ಪಟ್ಟಿಯ ಎರಡರ ಗೆರೆಗೆ ಸರಿಸಮ.

ಎರಡು ಇಪ್ಪತ್ತಲೆ ನಲವತ್ತು. ಒಂದು ಇರಬೇಕಾದ ಕಡೆ ನಲವತ್ತು.

ಅವಳು ನೆಲದ ಮೇಲೆ ಕೂತುಬಿಟ್ಟಳು. ಎಂಟು ದಿನ ತಾನು ಸೊನ್ನೆ ಎಂದು ಬರೆದದ್ದು ಸೊನ್ನೆಯಾಗಿರಲಿಲ್ಲ. ರೋಗದಿಂದ ಕಾಪಾಡಲು ತಾನು ಹಾಕಿದ ಒಂದೊಂದು ಲೋಟವೂ ಜನರನ್ನು ಒಂದೊಂದು ಹೆಜ್ಜೆ ಗಿರಣಿ ಬಾವಿಯ ಕಡೆಗೆ ತಳ್ಳಿತ್ತು. ನಳಿಗೆಯನ್ನು ಎತ್ತಿ ಹಿಡಿದು ಎಲ್ಲರ ಬಾಯಿ ಮುಚ್ಚಿಸಿದವಳೂ ತಾನೇ.

ಆಗ ಇನ್ನೊಂದು ಯೋಚನೆ ತಲೆಗೆ ಹೊಕ್ಕಿತು. ತಾನೂ ಮನೆಯಲ್ಲಿ ನೀರು ಕುಡಿಯುತ್ತೇನಲ್ಲ? ತನ್ನ ಗಂಟಲು ಏಕೆ ಉರಿಯಲಿಲ್ಲ?

ಮನೆ ಎಂಟು ಬಾಗಿಲಿನಾಚೆ. ಅಡುಗೆಮನೆಯ ಮೂಲೆಯಲ್ಲಿ ಮುಚ್ಚಿಟ್ಟ ಹಂಡೆಯಿಂದ ನೀರು ತೆಗೆದು ನಳಿಗೆಗೆ ಹಾಕಿದಳು. ಮಿಂಚು ಇಲ್ಲ. ಬಣ್ಣ ಇಲ್ಲ. ಬೆರೆಸಿ ನೋಡಿದಳು. ಆಗಲೂ ಇಲ್ಲ. ಇದು ನಿಜವಾದ ಸೊನ್ನೆ.

ಗಂಡ ಬಾಗಿಲಲ್ಲಿ ನಿಂತಿದ್ದ. ಅಂಗಡಿಗೆ ಹೊರಟವನು, ಕೈಯಲ್ಲಿ ಕೀಲಿಗಳ ಗೊಂಚಲು. ಅವಳ ಮುಖ ನೋಡಿ ಗೊಂಚಲನ್ನು ಜೇಬಿಗಿಳಿಸಿದ.

"ನೀವೂನಾ?" ಎಂದಳು.

"ಅದು... ನಿನ್ನ ಮನಸ್ಸು ನೋಯಿಸೋದು ಬೇಡ ಅಂತ. ನೀನು ಅಷ್ಟು ಕಷ್ಟಪಟ್ಟು ಮಾಡಿದ ನೀರು. ಬೆಳಗ್ಗೆ ನೀನು ಟ್ಯಾಂಕಿನ ಹತ್ರ ಹೋದ್ಮೇಲೆ ಹಂಡೆ ಖಾಲಿ ಮಾಡಿ ಬಾವಿದು ತುಂಬಿಸ್ತಿದ್ದೆ. ನಿಂಗೆ ವಾಸನೆ ಹೇಗೂ ಗೊತ್ತಾಗಲ್ಲ."

"ನಾನೂ ಅದನ್ನೇ ಕುಡಿದೆ. ಎಂಟು ದಿನ."

"ನಾನೂ ಕುಡ್ದಿದೀನಲ್ಲ" ಎಂದ ಅವನು, ಅದೊಂದು ಸಮಾಧಾನ ಎಂಬಂತೆ. ಆಮೇಲೆ ತಾನು ಹೇಳಿದ್ದು ಏನೆಂದು ಅವನಿಗೇ ಹೊಳೆದು ಬಾಗಿಲ ಚೌಕಟ್ಟಿಗೆ ಒರಗಿದ.

ಅವಳಿಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಬಂದದ್ದು ಒಂದೇ ಲೆಕ್ಕ: ತನ್ನ ಮನೆಯಲ್ಲೇ ಹೀಗಾದರೆ ಉಳಿದ ಎಂಬತ್ತೊಂಬತ್ತು ಮನೆಗಳಲ್ಲಿ? ಸಂಜೆಯ ಹೊತ್ತಿಗೆ ಎಲ್ಲರೂ ಬಾವಿಗೆ ಇನ್ನೊಂದು ಸುತ್ತು ಹೋಗುತ್ತಾರೆ. "ಹಂಡೆ ಚೆಲ್ಲಿ, ಬಿಸಿನೀರಲ್ಲಿ ತೊಳೀರಿ. ಹೊಟ್ಟೇಲಿ ಗುಡುಗುಟ್ಟಿದ್ರೆ ಒಂದು ನಿಮಿಷಾನೂ ಕಾಯ್ಬೇಡಿ, ಶೆಡ್ಡಿಗೆ ಓಡಿ" ಎಂದು ಹೇಳಿ ಹೊರಬಿದ್ದಳು.

ಅವಳು ಫೋನು ಮಾಡಿದ ಮೇಲೆ ನೀರಿನ ಮೇಡಂ ಹನ್ನೊಂದಕ್ಕೆ ಬಂದರು. ಜೀಪಿನಿಂದ ಇಳಿದು ನಲ್ಲಿಯ ಹತ್ತಿರ ಬರುವಷ್ಟರಲ್ಲೇ ಮೂಗಿಗೆ ಕೈ ಹೋಯಿತು. ಮಾತೇ ಬೇಕಿರಲಿಲ್ಲ. ನೇರ ಡ್ರಮ್ಮಿನ ಬಳಿ ಹೋಗಿ, ಬಾಗಿ, ಚೀಟಿಯ ಕೆಳಗಿನ ಸಣ್ಣ ಅಕ್ಷರ ಓದಿದರು. ಹಳೆಯ ಡ್ರಮ್ಮಿನ ಪುಡಿಯಲ್ಲಿ ನೂರಕ್ಕೆ ಇಪ್ಪತ್ತೈದು ಪಾಲು ಕ್ಲೋರಿನ್ ಇತ್ತು, ಹಳಸಿ ಹತ್ತಕ್ಕೆ ಇಳಿದಿತ್ತು. ಇದರಲ್ಲಿ ಎಪ್ಪತ್ತು.

ಮೇಡಂ ಡ್ರಮ್ಮಿನ ಮೇಲೆಯೇ ಕೂತರು. ಅವರಿಗೆ ಮೂವತ್ತು ದಾಟಿರಲಿಲ್ಲ. ಮೂರು ರಾತ್ರಿ ನಿದ್ದೆಗೆಟ್ಟ ಮುಖ. "ಉಗ್ರಾಣದಿಂದ ಡ್ರಮ್ಮು ಕಳಿಸಿದ್ದು ನಾನು. ಬೇರೆ ಪುಡಿ ಬಂದಿದೆ, ಅಳತೆ ಬದಲಾಗ್ಬೇಕು ಅಂತ ಚೀಟಿ ಬರೀಬೇಕಿತ್ತು. ಬರೀಲಿಲ್ಲ." ಎದ್ದು, "ಉಳಿದ ಟ್ಯಾಂಕ್‌ಗಳಿಗೂ ಇದೇ ಹೋಗಿದೆಯಾ ನೋಡ್ಬೇಕು" ಎಂದು ಫೋನು ತೆಗೆದರು. ಬೇರೆ ಗಲ್ಲಿಗಳಿಗೆ ಹೋಗಿರಲಿಲ್ಲ. ಈ ಒಂದಕ್ಕೆ ಮಾತ್ರ.

ಟ್ಯಾಂಕಿನ ಅಡಿಯ ತೂಬು ತೆರೆದರು. ಐದು ಸಾವಿರ ಲೀಟರು ಚರಂಡಿಗೆ ಹರಿಯಿತು. ಮತ್ತೆ ಟ್ಯಾಂಕರು ತರಿಸಿ, ಹೊಸ ಪುಡಿಯನ್ನು ಗ್ರಾಮಿನ ತಕ್ಕಡಿಯಲ್ಲಿ ತೂಗಿ, ಇಪ್ಪತ್ತೊಂದು ಗ್ರಾಮು ಹಾಕಿದರು. ಲೋಟದ ತಳ ಮುಚ್ಚುವಷ್ಟು ಮಾತ್ರ ಇತ್ತು ಅದು.

"ಈಗ ಜನಕ್ಕೆ ಏನು ಹೇಳೋದು?" ಎಂದಳು ಬಣ್ಣದಕ್ಕ.

"ಟ್ಯಾಂಕ್ ತೊಳೆದಿದೀವಿ, ಹೊಸ ನೀರು ಬಂದಿದೆ ಅಂತ ಹೇಳಿ."

"ಅಷ್ಟೇನಾ?"

ಮೇಡಂ ಧ್ವನಿ ತಗ್ಗಿಸಿದರು. "ನೋಡಿ ಅಕ್ಕ, ನನಗೂ ಗೊತ್ತು. ಹೋದ ವರ್ಷ ಒಂದು ಕಡೆ ಔಷಧಿ ಜಾಸ್ತಿ ಆಯ್ತು ಅಂತ ನಾವೇ ಹೇಳಿದ್ವಿ. ಜನ ವಿಷ ಹಾಕಿದ್ರು ಅಂದ್ರು. ಟ್ಯಾಂಕ್ ಒಡೆದ್ರು, ಶೆಡ್ಡಿಗೆ ಕಲ್ಲು ಹೊಡೆದ್ರು. ಮೂರು ದಿನ ನಾವು ಒಳಗೇ ಹೋಗೋಕಾಗ್ಲಿಲ್ಲ. ಆ ಮೂರು ದಿನದಲ್ಲಿ ಹೋದವರ ಲೆಕ್ಕ ನನ್ನತ್ರ ಇದೆ. ಮೊದ್ಲು ಜನ ಟ್ಯಾಂಕಿಗೆ ಬರ್ಲಿ. ರೋಗ ಇಳೀಲಿ. ಆಮೇಲೆ ಹೇಳೋಣ."

ಬಣ್ಣದಕ್ಕ ಅದನ್ನು ತೂಗಿ ನೋಡಿದಳು. ಮೇಡಂ ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. "ಆದ್ರೆ ಮೇಡಂ, ನಾನು ಎಂಟು ದಿನಾನೂ 'ನೀರಲ್ಲಿ ವಾಸನೆ ಇಲ್ಲ, ನಿಮ್ಮ ಮೂಗೇ ಸರಿಯಿಲ್ಲ' ಅಂದೋಳು. ಇವತ್ತು 'ಸರಿಯಾಗಿದೆ' ಅಂದ್ರೆ ಅವ್ರಿಗೆ ಏನು ವ್ಯತ್ಯಾಸ? ನನ್ನ ಗಂಡನೇ ನಂಬಲ್ಲ. ಸಂಜೆ ಬಾವಿಗೇ ಹೋಗ್ತಾರೆ."

"ಕಲ್ಲು ಬಿದ್ರೆ?"

"ನನ್ನ ಮೇಲೆ ಬೀಳ್ಲಿ. ನಿಮ್ಮ ಜೀಪು ಮೈದಾನದ ಆಚೆ ನಿಲ್ಸಿ."

ಮೇಡಂ ಜೀಪನ್ನು ಕಳಿಸಿದರು. ತಾವು ಹೋಗಲಿಲ್ಲ.

ನಾಲ್ಕು ಗಂಟೆಗೆ ಬಣ್ಣದಕ್ಕ ಟ್ಯಾಂಕಿನ ಕಟ್ಟೆಯ ಮೇಲೆ ನಿಂತಳು. ನೀರು ಬಿಡುವ ಗಂಟೆ ಬಾರಿಸಿದ್ದರಿಂದ ಜನ ಕೊಡ, ಕ್ಯಾನು ಹಿಡಿದು ಬಂದಿದ್ದರು, ದಿನದಂತೆ ತುಂಬಿಸಿಕೊಂಡು ಹೋಗಿ ಸುರಿಯಲು. ಅವಳಿಗೆ ಭಾಷಣ ಬರುತ್ತಿರಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದಳು: ಹೊಸ ಡ್ರಮ್ಮು, ಎರಡು ಲೋಟ, ನಲವತ್ತು ಪಟ್ಟು, ಮಿಂಚಿ ಹೋಗುತ್ತಿದ್ದ ಬಣ್ಣ. ತನ್ನ ಮನೆಯ ಹಂಡೆಯ ವಿಷಯವನ್ನೂ ಬಿಡಲಿಲ್ಲ. "ನೀವು ವಾಸನೆ ಅಂದಿದ್ದು ನಿಜ. ಗಂಟಲು ಉರಿ ಅಂದಿದ್ದು ನಿಜ. ಸುಳ್ಳು ಹೇಳಿದ್ದು ನನ್ನ ನಳಿಗೆ, ಅದನ್ನ ನಂಬಿದ್ದು ನಾನು."

ಕೂಗು ಎಲ್ಲ ಕಡೆಯಿಂದ ಒಟ್ಟಿಗೆ ಎದ್ದಿತು.

"ಹಂಗಾದ್ರೆ ವಿಷ ಕುಡ್ಸಿದ್ರಿ!"

"ವಿಷ ಅಲ್ಲ. ಆದ್ರೆ ಕುಡಿಯೋ ಹಾಗಿರ್ಲಿಲ್ಲ" ಎಂದಳು ಬಣ್ಣದಕ್ಕ.

"ನನ್ನ ಮಗಳು ಶೆಡ್ಡಲ್ಲಿ ಮಲಗಿದಾಳೆ. ಅವಳಿಗೆ ಯಾರು ಜವಾಬ್ದಾರಿ?" ಎಂದಳು ಹೂಜಿ ಮಾರುವವಳು. ಅವಳ ಧ್ವನಿ ಸೀಳಿತ್ತು.

"ಕ್ಲೋರಿನ್ ಡ್ರಮ್ಮು ಕಳಿಸಿದ್ದು ನಾನು" ಎಂದು ಮೇಡಂ ಕಟ್ಟೆ ಹತ್ತಿದರು. "ಅಳತೆ ಹೇಳದೆ ಇದ್ದಿದ್ದೂ ನಾನು."

ಚಹಾದ ಅಂಗಡಿಯವನು ಹಿಂದಿನಿಂದ ಕೂಗಿದ: "ಇಬ್ರೂ ಜವಾಬ್ದಾರಿ ಹೊತ್ಕೊಂಡ್ರೆ ಆಯ್ತಾ? ಇವತ್ತಿನ ನೀರು ಸರಿ ಇದೆ ಅಂತ ನಾವು ಹೆಂಗೆ ನಂಬೋದು? ಮೂಗಿಲ್ಲದೋಳು ನೀನು, ಮೂಗಿದ್ರೂ ಬಾರದೋರು ಅವ್ರು!"

ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಕಲ್ಲು ಹಿಡಿದ ಕೈಗಳಿದ್ದವೋ ಏನೋ, ಆ ನಗೆಯಲ್ಲಿ ಸ್ವಲ್ಪ ಸಡಿಲಾದವು. "ನೀನೇ ಮೇಲೆ ಬಾರಣ್ಣ" ಎಂದಳು ಬಣ್ಣದಕ್ಕ. "ನೀನು ಮೂಸಿ ನೋಡು. ನಾನು ಬಣ್ಣ ನೋಡ್ತೀನಿ. ಎರಡೂ ಒಪ್ಪಿದ್ರೆ ನಲ್ಲಿ ತೆಗಿಯೋಣ. ಒಪ್ಪದಿದ್ರೆ ಬೇಡ."

ಅವನು ನಿಜವಾಗಿಯೂ ಬಂದ. ಲೋಟ ಮೂಸಿದ, ಹುಬ್ಬು ಗಂಟಿಕ್ಕಿದ, ಮತ್ತೆ ಮೂಸಿದ. "ಇದೆ. ಆದ್ರೆ ಮೊದ್ಲಿನ ವಾರಗಳಲ್ಲಿ ಇದ್ದಷ್ಟೇ." ನಳಿಗೆಯನ್ನು ಅವಳು ಅವನ ಕೈಗೇ ಕೊಟ್ಟಳು. ಮಾತ್ರೆ ಬಿದ್ದಲ್ಲಿಂದ ನಿಮಿಷ ಮುಗಿಯುವ ತನಕ ಅದು ಕೈಯಿಂದ ಕೈಗೆ ದಾಟಿತು. ಒಬ್ಬ ಒಂದು ಎಂದ, ಇನ್ನೊಬ್ಬಳು ಮುಕ್ಕಾಲು ಎಂದಳು, ಅದರ ಮೇಲೆ ಅವರಿಬ್ಬರಿಗೆ ಜಗಳವೇ ಆಯಿತು.

ಆ ಸಂಜೆ ತೊಂಬತ್ತು ಮನೆಗಳಲ್ಲಿ ಮೂವತ್ತೇಳು ಮನೆಯವರು ನೀರು ಒಯ್ದರು. ಉಳಿದವರು ಖಾಲಿ ಕೊಡದೊಂದಿಗೆ ಹಿಂದಿರುಗಿದರು. ಅವರಲ್ಲಿ ಎಷ್ಟು ಮಂದಿ ಬಾವಿಗೆ ಹೋದರೆಂದು ಬಣ್ಣದಕ್ಕ ಹೋಗಿ ನೋಡಲಿಲ್ಲ. ಹೆಸರು ಬರೆದುಕೊಳ್ಳುವ ಪುಸ್ತಕವನ್ನು ಅವಳು ಮೇಡಂಗೆ ಕೊಟ್ಟುಬಿಟ್ಟಿದ್ದಳು.

ರೋಗ ಮಾತು ಕೇಳಿ ನಿಲ್ಲುವಂಥದ್ದಲ್ಲ. ಬಾವಿಯ ನೀರು ಹೊಟ್ಟೆಯಲ್ಲಿದ್ದವರು ಮುಂದಿನ ಮೂರು ದಿನ ಶೆಡ್ಡಿಗೆ ಹೋಗುತ್ತಲೇ ಇದ್ದರು: ಆರು, ಐದು, ಎರಡು. ಆ ಐವರಲ್ಲಿ ಒಬ್ಬ ಅವಳ ಗಂಡ. ಎರಡು ಹಗಲು ಅವನ ಮಂಚದ ಕೆಳಗಿನ ಬಕೆಟ್ಟನ್ನು ಅವಳೇ ಅಳೆದಳು. "ನಿನ್ನ ಮನಸ್ಸು ನೋಯಿಸ್ಬಾರ್ದು ಅಂತಿದ್ದೆ" ಎಂದು ಅವನು ಗೊಣಗಿದಾಗ, "ಇನ್ಮೇಲೆ ನೋಯ್ಸಿ, ಪುಣ್ಯ ಬರುತ್ತೆ" ಎಂದಳು. ಪಕ್ಕದ ಮಂಚದಲ್ಲಿ ಓಆರ್‌ಎಸ್ ಲೋಟ ಹಿಡಿದು ಕೂತಿದ್ದ ಓರಗಿತ್ತಿ, "ಭಾವ, ನಾನು ದಿನಾ ನೋಯಿಸ್ತಿದ್ದೆ, ಏನೂ ಪ್ರಯೋಜನ ಆಗ್ಲಿಲ್ಲ" ಎಂದಳು. ಬಣ್ಣದಕ್ಕ ನಗಲು ನೋಡಿದಳು. ಬಾಯಿ ಒಪ್ಪಲಿಲ್ಲ. ಎದ್ದು ಹೋಗಿ ಓರಗಿತ್ತಿಯ ಕಾಲಿನ ಬಳಿ ಕೂತು, ಹೊದಿಕೆ ಸರಿಮಾಡಿದಳು.

ಸಂಸ್ಥೆಯವರು ತಮ್ಮ ತರಬೇತಿಯ ಹಾಳೆಯನ್ನು ತಿದ್ದಿದರು. ಬಣ್ಣ ಬಾರದಿದ್ದರೆ ಪುಡಿ ಸೇರಿಸುವ ಮೊದಲು ನೀರು ಬೆರೆಸಿ ಇನ್ನೊಮ್ಮೆ ನೋಡಬೇಕು. ಜನ ವಾಸನೆ ಹೆಚ್ಚಾಯಿತೆಂದರೆ ಅದನ್ನೂ ಒಂದು ಪರೀಕ್ಷೆಯೆಂದು ಬರೆದುಕೊಳ್ಳಬೇಕು. ಎರಡು ಸಾಲು. ಆ ಎರಡು ಸಾಲು ಇಲ್ಲದಿದ್ದ ಎಂಟು ದಿನಗಳಲ್ಲಿ ಗಲ್ಲಿಯಿಂದ ಶೆಡ್ಡಿಗೆ ಹೋದವರು ಹದಿನಾರು ಜನ, ಹಿಂದಿರುಗದವನು ಒಬ್ಬ.

ಅವನ ಹೆಂಡತಿ, ಇಸ್ತ್ರಿ ಅಜ್ಜಿ, ಮೂರು ದಿನ ಟ್ಯಾಂಕಿನ ಕಡೆ ಸುಳಿಯಲಿಲ್ಲ. ನೆರೆಯವರು ಅವಳ ಮನೆಗೆ ನೀರು ಇಟ್ಟುಬರುತ್ತಿದ್ದರು. ನಾಲ್ಕನೇ ದಿನ ಬೆಳಗ್ಗೆ, ಸಾಲು ಕರಗಿದ ಮೇಲೆ, ಸಣ್ಣ ಬಿಂದಿಗೆ ಹಿಡಿದು ಬಂದಳು. ನಲ್ಲಿಯ ಮುಂದೆ ಕೂತು, ತಲೆಯೆತ್ತದೆ ಕೇಳಿದಳು:

"ಅವತ್ತು ನೀನು ಹೇಳಿದ್ದನ್ನ ಪಕ್ಕದ ಮನೆಯೋಳು ಬಂದು ನನಗೆ ಹೇಳಿದ್ಲು. ನೀರು ನಿಜವಾಗ್ಲೂ ಕೆಟ್ಟಿತ್ತಾ?"

"ಹೌದು ಅಜ್ಜಿ."

"ಅವ್ರು ಕುಡಿಯಕ್ಕಾಗಲ್ಲ ಅಂದಾಗೆಲ್ಲ ನಾನು ಬೈದೆ. ನಖರಾ ಮಾಡ್ಬೇಡಿ, ಆ ಹುಡುಗಿ ಅಷ್ಟು ಕಷ್ಟಪಡ್ತಾಳೆ ಅಂತ ಬೈದೆ. ಕೊನೇ ದಿನಾನೂ ಬೈದೆ." ಅಜ್ಜಿ ಬಿಂದಿಗೆಯ ಅಂಚನ್ನು ಬೆರಳಿನಿಂದ ಒರೆಸಿದಳು. "ಅವ್ರ ಬಾಯಿ ಸುಳ್ಳು ಹೇಳಿರ್ಲಿಲ್ಲ ಹಂಗಾದ್ರೆ."

ಬಣ್ಣದಕ್ಕ ಹೌದೆಂದು ತಲೆ ಆಡಿಸಿದಳು.

"ನೀನು ಕೊಂದೆ ಅಂತ ನಾನು ಹೇಳಲ್ಲ ಮಗಳೇ. ಕೊಂದಿಲ್ಲ ಅಂತಾನೂ ಹೇಳಲ್ಲ. ನನಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ ಅಜ್ಜಿ."

ಅಜ್ಜಿ ನಲ್ಲಿಯ ಕಡೆ ಕೈ ತೋರಿಸಿದಳು. ಬಣ್ಣದಕ್ಕ ನಲ್ಲಿ ತಿರುಗಿಸಿದಳು. ತುಂಬಿದ ಬಿಂದಿಗೆಯನ್ನು ಬಣ್ಣದಕ್ಕ ಎತ್ತಿ ತನ್ನ ಸೊಂಟಕ್ಕೇರಿಸಿಕೊಂಡಳು. ಅಜ್ಜಿ ಬೇಡವೆನ್ನಲಿಲ್ಲ. ತಾನೇ ಮುಂದಾಗಿ, ದಾರಿ ತೋರಿಸುವವಳಂತೆ, ಮನೆಯ ಕಡೆ ನಡೆದಳು.